ಪ್ರಹರಿ ಎಂದರೆ

ಮೊದಲ ಏಟು ದವಡೆಗೆ ಬಿತ್ತು. ಆಮೇಲೆ ಆ ಮನುಷ್ಯನ ಬಾಯಿಂದ ಮಾತಿಗಿಂತ ರಕ್ತವೇ ಹೆಚ್ಚು ಬಂತು.

ಮಾಸ್ತಿಕಟ್ಟೆ ಬಸ್ ಸ್ಟಾಪಿನ ಎದುರು ಮಟಮಟ ಮಧ್ಯಾಹ್ನ ಮೂವತ್ತು ನಲವತ್ತು ಜನ. ನಡುವೆ ಬಿದ್ದವನೊಬ್ಬ ನೇಪಾಳಿ. ನಡುವಯಸ್ಸು, ಮೋಟಾಗಿ ಕತ್ತರಿಸಿದ ಕೂದಲು, ಪಾಲಿಶ್ ಹಾಕಿದ ಬೂಟು. ಹೊಸನಗರದಲ್ಲಿ ಯಾರೋ ಅವನನ್ನು ಇತ್ತ ಕಳಿಸಿದ್ದರಂತೆ. ಬಸ್ಸಿನಿಂದ ಇಳಿದವನೇ ಏಳೆಂಟು ವರ್ಷದ ಹುಡುಗಿಯೊಬ್ಬಳ ಫೋಟೋ ಹಿಡಿದುಕೊಂಡು, ಗೃಹಪ್ರವೇಶದ ಮನೆ ಯಾವುದೆಂದು ಹರಕು ಹಿಂದಿಯಲ್ಲಿ ಕೇಳಿದನಂತೆ. ಅಷ್ಟೇ ಸಾಕಾಯಿತು. ಮಕ್ಕಳ ಕಳ್ಳರ ವಿಡಿಯೋ ಒಂದು ವಾರದಿಂದ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಮೊಬೈಲಿನಲ್ಲಿ ಬಂದದ್ದು ಸುಳ್ಳೂ ಇರಬಹುದೆಂದು ಯೋಚಿಸುವಷ್ಟು ಪುರುಸೊತ್ತು ನಮ್ಮ ಜನಕ್ಕೆ ಎಲ್ಲಿದೆ!

“ಫಂಕ್ಷನ್ ಮನೇಲಿ ಮಕ್ಳು ಜಾಸ್ತಿ ಇರ್ತವಲ್ಲ, ಅದ್ಕೇ ಕೇಳ್ತಿದಾನೆ ಕಳ್ ನನ್ಮಗ!” ಎಂದು ಕೂಗಿದವನು ಶ್ರೀನಾಥ್. ಗೃಹಪ್ರವೇಶ ಅವನದೇ. ಪಂಚೆ ಎತ್ತಿಕಟ್ಟಿ, ಚಪ್ಪರಕ್ಕೆ ತಂದು ಉಳಿದಿದ್ದ ಬಿದಿರ ದೊಣ್ಣೆ ಹಿಡಿದು ಓಡಿ ಬಂದಿದ್ದ.

ಅವನ ಹಿಂದೆಯೇ ಊಟದ ಎಲೆ ಬಿಟ್ಟು ಎದ್ದು ಬಂದವನು ಅವನ ಭಾವ ಹೂವಪ್ಪ. ಹೊಸನಗರ ಠಾಣೆಯ ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಎರಡು ದಿನದ ರಜೆ, ಮೈಮೇಲೆ ಬಿಳಿ ಅಂಗಿ, ಜೇಬಿನಲ್ಲಿ ಗುರುತಿನ ಕಾರ್ಡು. ಆ ಕಾರ್ಡಿನ ಮೇಲೆ ಪಂಕ್ತಿಯಲ್ಲಿ ಈಗಷ್ಟೇ ತಮಾಷೆ ನಡೆದಿತ್ತು. ರಜೆಯ ಮೇಲೆ ಪರದೇಶಕ್ಕೆ ಹೋದ ಪೊಲೀಸು ಅಲ್ಲಿ ಕಾರ್ಡು ತೋರಿಸಬಹುದೋ ಬಾರದೋ ಎಂದು.

“ಭಾವ ಹೋದ್ವರ್ಷ ನೇಪಾಳಕ್ಕೆ ಹೋದಾಗ ಕಾರ್ಡು ತೋರ್ಸಿ ಪಶುಪತಿನಾಥನ ಕ್ಯೂನೇ ತಪ್ಪಿಸ್ಕಂಡಿರ್ಬೇಕು,” ಎಂದು ಶ್ರೀನಾಥ್ ಕಿಚಾಯಿಸಿದ್ದ.

“ಎಂತದೂ ಇಲ್ಲ ಮಾರಾಯ. ಅಲ್ಲಿ ನಾನು ಕಾರ್ಡು ಹೊರಗೇ ತೆಗ್ದಿಲ್ಲ,” ಎಂದಿದ್ದ ಹೂವಪ್ಪ. ಬಡಿಸುತ್ತಿದ್ದ ಅವನ ಹೆಂಡತಿ ಶೇಷಮ್ಮ ಅವನ ಎಲೆ ದಾಟಿ ಮುಂದಿನ ಎಲೆಗೆ ಹೋಗಿದ್ದಳು.

ಈಗ ಗುಂಪು ಅವನಿಗೆ ದಾರಿ ಬಿಟ್ಟಿತು. ಬಿದ್ದವನ ಮುಖ ಕಂಡದ್ದೇ ಹೂವಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇದಕ್ಕಿಂತ ಜಜ್ಜಿಹೋದ ಮುಖಗಳನ್ನು ಕಂಡವನು. ಆದರೂ ಹೆದರಿಕೆಯಾಯಿತು.

ನೇಪಾಳಿ ಒಂದೇ ಕಣ್ಣು ತೆರೆದು ಅವನನ್ನು ನೋಡಿದ. ಬೆರಳೆತ್ತಿ ತೋರಿಸಿದ. “ಪುಲಿಸ್... ಪುಲಿಸ್...”

“ಪೊಲೀಸ್ ಬೇಕಂತೆ!” ಗುಂಪು ನಕ್ಕಿತು. “ಎದ್ರಿಗೇ ನಿಂತಿದಾರಲ್ಲೋ, ಕೇಳ್ಕ!”

ಯಾರೋ ಒದ್ದರು. ಪಕ್ಕೆಲುಬು ಮುರಿದ ಸದ್ದು ಸುತ್ತಲಿನವರಿಗೂ ಕೇಳಿಸಿತು. ಅವನು ಕೆಮ್ಮುತ್ತ ಕೈಯನ್ನು ಒಳಜೇಬಿಗೆ ಹಾಕಿದ.

“ಚಾಕು! ಚಾಕು ತೆಗೀತಿದಾನೆ!”

ಶ್ರೀನಾಥನ ದೊಣ್ಣೆ ಮಣಿಕಟ್ಟಿನ ಮೇಲೆ ಬಿತ್ತು. ಕೈಯಿಂದ ಜಾರಿದ್ದು ಚಾಕುವಲ್ಲ, ಒಂದು ಕಾರ್ಡು.

“ತಡೀರಿ, ತಡೀರಿ ಮಾರಾಯ್ರೆ!” ಗುಂಪನ್ನು ಸೀಳಿಕೊಂಡು ಬಂದವರು ಸುಂದರೇಶ ಮೇಷ್ಟ್ರು. ಮೂವತ್ತು ವರ್ಷ ಹಿಂದಿ ಕಲಿಸಿ ನಿವೃತ್ತರಾದವರು. ಕಾರ್ಡು ಎತ್ತಿ, ರಕ್ತ ಒರೆಸಿ, ನಾಗರಿ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. “ನೇಪಾಲ್... ಪ್ರಹರೀ.”

“ಹಂಗಂದ್ರೆ?”

“ಪ್ರಹರಿ ಅಂದ್ರೆ ಕಾವಲುಗಾರ. ಹಿಂದೀಲೂ ಅದೇ, ನಮ್ಮಲ್ಲೂ ಅದೇ.” ಮೇಷ್ಟ್ರಿಗೆ ಪದದ ಮೇಲೆ ಅನುಮಾನವಿರಲಿಲ್ಲ, ಭಯವಿದ್ದದ್ದು ಜನರ ಮೇಲೆ. ಹೂವಪ್ಪನ ಕಡೆ ತಿರುಗಿದರು. “ಆದ್ರೂ ನೇಪಾಳ ಕಂಡವ್ರು ಇಲ್ಲಿ ನೀವೊಬ್ರೇ ಗೌಡ್ರೆ. ಇದು ಬೇರೆ ಎಂತಾದ್ರೂ ಆಗಿದ್ರೆ ಈಗ್ಲೇ ಹೇಳಿ. ಇವನ ಜೀವ ನಿಮ್ಮ ಒಂದು ಮಾತಲ್ಲಿದೆ.”

ಎಲ್ಲರೂ ಹೂವಪ್ಪನನ್ನೇ ನೋಡಿದರು. ತನ್ನ ಜೇಬಿನ ಕಾರ್ಡು ತೆಗೆದು, ‘ನಾನು ಪೊಲೀಸು, ಹಿಂದೆ ಸರೀರಿ’ ಎಂದಿದ್ದರೂ ಸಾಕಿತ್ತು. ಅವನು ಮೇಷ್ಟ್ರ ಕೈಯಿಂದ ಕಾರ್ಡು ತೆಗೆದುಕೊಂಡ. ಹಿಂದುಮುಂದು ತಿರುಗಿಸಿದ.

“ಮೇಷ್ಟ್ರು ಹೇಳಿದ್ದೇ ಸರಿ,” ಎಂದ. “ವಾಚ್‌ಮನ್ ಕಾರ್ಡು. ಅಲ್ಲಿ ಬೀದಿಗೊಬ್ಬನ ಹತ್ರ ಇರ್ತದೆ.”

“ಕಾವಲು ಕಾಯೋನು ಮಕ್ಳನ್ನ ಕದಿಯಕ್ಕೆ ಬಂದಿದಾನೆ ನೋಡ್ರೋ!”

ದೊಣ್ಣೆಗಳು ಮೇಲೆದ್ದವು. ಅಡ್ಡ ಬಂದ ಮೇಷ್ಟ್ರನ್ನು ಯಾರೋ ಚರಂಡಿಗೆ ನೂಕಿದರು. ಏಳನೆಯದೋ ಎಂಟನೆಯದೋ ಏಟು ತಲೆಗೆ ಬಿತ್ತು. ಬೂಟು ಹಾಕಿದ ಕಾಲು ಎರಡು ಸಲ ಅದುರಿ ಸುಮ್ಮನಾಯಿತು.

ಈಗ ಎಲ್ಲರಿಗೂ ಮನೆ ನೆನಪಾಯಿತು. ಒಬ್ಬೊಬ್ಬರೇ ಜಾರಿಕೊಂಡರು. ಶ್ರೀನಾಥ್ ದೊಣ್ಣೆ ಬಿಸಾಡಿ ಅಳತೊಡಗಿದ. “ಭಾವಾ, ಸತ್ತೇ ಹೋದ್ನಾ? ನಾನು ಒಂದೆರಡು ಹೊಡ್ದಿದ್ದು ಅಷ್ಟೇ ಭಾವಾ...”

ಹೂವಪ್ಪ ಮೊಣಕಾಲೂರಿ, ಮಣ್ಣಿನಲ್ಲಿ ಬಿದ್ದಿದ್ದ ಹುಡುಗಿಯ ಫೋಟೋ ಎತ್ತಿಕೊಂಡು, ಸತ್ತವನ ಕಾರ್ಡಿನ ಜೊತೆಗೆ ತನ್ನ ಜೇಬಿಗಿಳಿಸಿದ. ತೀರ್ಥಹಳ್ಳಿಯ ಆಂಬುಲೆನ್ಸಿಗೆ ಫೋನು ಮಾಡಿದ್ದು ಅದಾದ ಮೇಲೆ.

ಅಷ್ಟರಲ್ಲಿ ಶೇಷಮ್ಮ ಏದುಸಿರು ಬಿಡುತ್ತ ಬಂದಳು. ಹೆಣದ ಪಕ್ಕ ಕೂತು ಸೆರಗಿನಿಂದ ಮುಖದ ರಕ್ತ ಒರೆಸಿದಳು.

“ಇವ್ರು... ಅವತ್ತು ಗೇಟು ಎತ್ತಿದೋರಲ್ವೇನ್ರಿ?”

“ಸುಮ್ನಿರು,” ಎಂದ ಹೂವಪ್ಪ.

ನೇಪಾಳದಲ್ಲಿ ಪ್ರಹರಿ ಎಂದರೆ ಪೊಲೀಸು. ಹೋದ ವರ್ಷ ಅಲ್ಲಿಯ ಘಟ್ಟದ ಚೆಕ್‌ಪೋಸ್ಟಿನಲ್ಲಿ, ಬಂಪರ್ ನೆಗ್ಗಿದ ಜೀಪಿನ ಕಿಟಕಿಯಿಂದ ಹೂವಪ್ಪ ಚಾಚಿದ ಕಾರ್ಡಿನಲ್ಲಿ ಹೆಸರು, ಠಾಣೆ ಓದಿಕೊಂಡು ಸೆಲ್ಯೂಟ್ ಹೊಡೆದು ಗೇಟು ಎತ್ತಿದಾಗ, ಎರಡು ತಿರುವು ಹಿಂದೆ ಆ ಜೀಪಿನಡಿ ಸಿಕ್ಕಿ ಸತ್ತವಳು ತನ್ನದೇ ಮಗಳೆಂದು ಆ ಪ್ರಹರಿಗೆ ಇನ್ನೂ ಗೊತ್ತಿರಲಿಲ್ಲ.