ಪಾಸ್‌ವರ್ಡ್ ಗಂಡನಿಗೆ ಗೊತ್ತು

"ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ನಮ್ಮನೆಯವರಿಗೆ ಗೊತ್ತು" ಎಂದಳು ವಕೀಲೆ. ಗಡಿ ಠಾಣೆಯ ಅಧಿಕಾರಿ ಅವಳ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ನೋಡಿದ. ಮೀಸೆಗೆ ಬಣ್ಣ ಹಚ್ಚಿಕೊಂಡು ತಲೆಗೆ ಹಚ್ಚುವುದನ್ನು ಮರೆತಂತಿದ್ದ ಮನುಷ್ಯ. ಆ ಮೇಜಿನ ಹಿಂದೆ ಕೂತು ಬಗೆಬಗೆಯ ಸುಳ್ಳು ಕೇಳಿದ್ದ, ಇಂಥದ್ದನ್ನು ಮಾತ್ರ ಕೇಳಿರಲಿಲ್ಲ.

ತಮಾಷೆಯೆಂದರೆ ಅವಳು ಹೇಳಿದ್ದು ಸತ್ಯ. ಲ್ಯಾಪ್‌ಟಾಪಿನಲ್ಲಿದ್ದದ್ದು ಬಣ್ಣದ ಕಾರ್ಖಾನೆಯೊಂದರ ಕೆಲಸಗಾರರ ಹೇಳಿಕೆಗಳು. ವಿಷದ ಗಾಳಿ ಕುಡಿದು ಕೆಮ್ಮುತ್ತಲೇ ಇನ್ನೂ ಅಲ್ಲಿ ದುಡಿಯುತ್ತಿದ್ದವರು, ಹೆಸರು ಸಮೇತ ಎಲ್ಲವನ್ನೂ ಬಿಚ್ಚಿ ಹೇಳಿದ್ದರು. ಮರುದಿನ ಬೆಳಿಗ್ಗೆ ಗಡಿಯಾಚೆಯ ಕೋರ್ಟಿನಲ್ಲಿ ವಿಚಾರಣೆ. ಮಾಲೀಕನ ಕೈ ಈ ಠಾಣೆಯವರೆಗೂ ಚಾಚಿದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಹೆಸರುಗಳು ಇಲ್ಲಿ ಹೊರಬಿದ್ದರೆ ಸಂಜೆಯೊಳಗೆ ಅಷ್ಟೂ ಸಂಸಾರಗಳು ಬೀದಿಗೆ ಬರುತ್ತಿದ್ದವು. ಅದಕ್ಕೇ ಹೊರಡುವ ಮುಂಚೆ ಪಾಸ್‌ವರ್ಡ್ ಬದಲಾಯಿಸುವ ಕೆಲಸವನ್ನು ಗಂಡನಿಗೆ ಒಪ್ಪಿಸಿ, ತಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಹೋಟೆಲ್ ಸೇರಿ ಅಲ್ಲಿನ ಫೋನಿನಿಂದ ಕೇಳಿದರೆ ಮಾತ್ರ ಹೇಳಬೇಕು, ದಾರಿಯಲ್ಲಿ ತಾನೇ ಗೋಗರೆದರೂ ಬಾಯಿ ಬಿಡಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ವಕೀಲರ ಬುದ್ಧಿಯೇ ಹಾಗೆ, ತಮ್ಮ ಬಾಯಿಯ ಮೇಲೆ ತಮಗೇ ಭರವಸೆಯಿಲ್ಲ.

"ಹಾಗಾದ್ರೆ ಯಜಮಾನ್ರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ" ಎಂದ ಅಧಿಕಾರಿ. "ಅವರು ಹೇಳ್ಲಿಲ್ಲ ಅಂದ್ರೆ ಇದು ಇಲ್ಲೇ ಇರುತ್ತೆ. ನಮ್ಮವರು ನಿಧಾನವಾಗಿ ಬಿಚ್ಚಿ ನೋಡ್ತಾರೆ."

ವಕೀಲೆ ಫೋನ್ ಕೈಗೆತ್ತಿಕೊಂಡಳು. ಅವಳ ಗಂಡ ಕನ್ನಡಕದ ಅಂಗಡಿಯವನು, ಸಾಧು ಪ್ರಾಣಿ. ಮದುವೆಯಾದಂದಿನಿಂದ ಅವಳು ಏನಂದರೂ 'ಹೂಂ' ಎಂದವನೇ ಹೊರತು ಒಂದು ಸಲವೂ 'ಊಹೂಂ' ಎಂದವನಲ್ಲ. ಅವಳು ಹಾಕಿದ ಗೆರೆ ದಾಟುವುದಿರಲಿ, ಆ ಗೆರೆಯ ಹತ್ತಿರ ಚಪ್ಪಲಿ ಕೂಡ ಬಿಡುತ್ತಿರಲಿಲ್ಲ. ಈಗ ಯಾವ ಅಪ್ಪಣೆ ಪಾಲಿಸುತ್ತಾನೆ, ಹೊರಡುವ ಮುಂಚಿನದ್ದೋ ಈ ಕ್ಷಣದ್ದೋ? ಬೇರೆ ದಾರಿಯಿಲ್ಲದೆ ನಂಬರ್ ಒತ್ತಿದಳು.

"ರೀ, ಇಲ್ಲಿ ಸಾಹೇಬರು ಕೇಳ್ತಿದ್ದಾರೆ. ಪಾಸ್‌ವರ್ಡ್ ಹೇಳಿಬಿಡಿ."

ಆ ಕಡೆ ಡ್ರಾಯರ್ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ಹೇಳಲ್ಲ."

ವಕೀಲೆ ಉಸಿರುಬಿಟ್ಟಳು. ಅಧಿಕಾರಿ ಫೋನನ್ನು ತನ್ನ ಕಡೆ ಎಳೆದುಕೊಂಡು ದಬಾಯಿಸಿದ. ಗಂಡ ಜಗ್ಗಲಿಲ್ಲ, ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ತಾನು ಊಟ ಮಾಡುವುದು ಹೆಂಡತಿಯ ಎದುರಲ್ಲ, ಆ ಲ್ಯಾಪ್‌ಟಾಪಿನ ಬೆನ್ನಿನ ಎದುರು ಎಂದ. ತಾನು ಜ್ವರದಲ್ಲಿ ನಡುಗುತ್ತಾ ಫೋನ್ ಮಾಡಿದಾಗ, ವಾದ ಮುಗಿಸಿ ಮಾತಾಡುತ್ತೇನೆ ಎಂದವಳು ರಾತ್ರಿ ಮನೆಗೆ ಬಂದು 'ಅಡುಗೆ ಏನು' ಎಂದು ಕೇಳಿದ್ದನ್ನೂ ಹೇಳಿದ. ಮಗಳ ಮದುವೆಯ ದಿನ ಇವಳು ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಕಕ್ಷಿದಾರನಿಗೆ ಧೈರ್ಯ ಹೇಳುತ್ತಿದ್ದಳಂತೆ. ವಕೀಲೆ ಒಳಗೊಳಗೇ ನಕ್ಕಳು. ಇಷ್ಟು ಚೆನ್ನಾಗಿ ನಾಟಕ ಆಡಲು ಈ ಮನುಷ್ಯ ಯಾವಾಗ ಕಲಿತ?

"ನಾನು ಮೀಸೆ ಬೋಳಿಸಿ ಎಷ್ಟೋ ದಿನ ಆಯ್ತು ಸಾರ್. ಇವಳಿಗೆ ಇನ್ನೂ ಗೊತ್ತಾಗಿಲ್ಲ."

ಅಧಿಕಾರಿಯ ಕೈ ತಾನಾಗಿ ತನ್ನ ಮೀಸೆಗೆ ಹೋಯಿತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೈಬೀಸಿದ ಗಂಡನ ಮುಖವನ್ನು ವಕೀಲೆ ನೆನಪಿಗೆ ತಂದುಕೊಂಡಳು. ಕನ್ನಡಕ ಇತ್ತು. ಮೀಸೆ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳುವಂತಿರಲಿಲ್ಲ. ಒಳಗಿನ ನಗು ಅಲ್ಲಿಗೇ ನಿಂತಿತು.

"ಆ ಲ್ಯಾಪ್‌ಟಾಪ್ ನೀವೇ ಇಟ್ಕೊಳ್ಳಿ ಸಾರ್, ಪುಣ್ಯ ಬರುತ್ತೆ" ಎಂದ ಗಂಡ. "ನಮ್ಮಿಬ್ಬರ ಮಧ್ಯೆ ಮಲಗೋದು ಅದೇ." ಫೋನ್ ಕಟ್ಟಾಯಿತು.

ಅವಳ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಚಾವಣಿ ನೋಡುತ್ತಿದ್ದರು. ಅಧಿಕಾರಿ ಲ್ಯಾಪ್‌ಟಾಪ್ ಮುಚ್ಚಿ, ಬೇರೆಯವರ ಮನೆಯ ಕಾಗದ ಒಡೆದು ಓದಿದವನಂತೆ ಮುಖ ಮಾಡಿಕೊಂಡು ಅದನ್ನು ಅವಳ ಕಡೆ ತಳ್ಳಿದ. "ತಗೊಂಡು ಹೋಗಿ ಮೇಡಂ. ಇದು ಗಡಿ ವಿಷಯ ಅಲ್ಲ" ಎಂದು ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿದ. ಆಮೇಲೆ ದನಿ ತಗ್ಗಿಸಿ, ಮನೆಯಲ್ಲಿ ಸ್ವಲ್ಪ ಮಾತಾಡಿ ಎಂದು ಬುದ್ಧಿಯನ್ನೂ ಹೇಳಿದ.

ಹೋಟೆಲ್ ರೂಮಿಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಲ್ಲಿನ ಫೋನಿಗೆ ಕೈಹಾಕಿದಳು. ಅಷ್ಟು ಜನರ ಅನ್ನ ಉಳಿಸಿದಿರಿ, ನಿಮ್ಮ ಮುಂದೆ ದೊಡ್ಡ ನಟರೂ ಸಾಲರು ಎಂದು ಬಾಯ್ತುಂಬ ಹೊಗಳಿದಳು. ಗಂಡ ಹೂಂಗುಟ್ಟಲಿಲ್ಲ. ಅವಳಿಗೆ ಎಲ್ಲೋ ಚುಳ್ ಎಂದಿತು. ಆದರೂ ಬೆಳಿಗ್ಗೆಯ ವಿಚಾರಣೆಗೆ ಇನ್ನೂ ಎಲ್ಲವನ್ನೂ ಜೋಡಿಸಿಕೊಳ್ಳಬೇಕಿತ್ತು.

"ಈಗ ಹೇಳ್ರೀ, ಪಾಸ್‌ವರ್ಡ್ ಏನು?"

"ನನ್ನ ಹುಟ್ಟಿದ ದಿನ."

ಇಷ್ಟೇನಾ ಎಂದು ಅವಳು ಸರಸರ ಒತ್ತಿದಳು. ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಊಹೂಂ.

"ನೀನು ಹಾಕ್ತಿರೋದು ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಬರ್ಕೊಂಡಿದ್ದು" ಎಂದ ಗಂಡ. "ನಿಜವಾದದ್ದು ಹಾಕು. ಅದು ಯಾವ ದಾಖಲೆಯಲ್ಲೂ ಇಲ್ಲ, ಯಾವ ಅಧಿಕಾರಿಗೂ ಸಿಗಲ್ಲ. ಮದುವೆಯಾದ ಹೊಸದರಲ್ಲಿ ನಿನಗೊಬ್ಬಳಿಗೇ ಹೇಳಿದ್ದೆ."

ಎಂಥೆಂಥ ಸಾಕ್ಷಿಗಳ ಬಾಯಿ ಬಿಡಿಸಿದ್ದ ವಕೀಲೆಗೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. "ನೀವೇ ಹೇಳಿಬಿಡ್ರೀ" ಎಂದಳು, ಸಣ್ಣ ದನಿಯಲ್ಲಿ.

"ಹೇಳಿದ್ದೀನಲ್ಲ" ಎಂದ ಗಂಡ. "ನೆನಪು ಮಾಡ್ಕೋ. ನಾನು ಫೋನ್ ಇಡಲ್ಲ."