ಹೆಸರು ಹೇಳಿ ಹಾಕಿದ ನೀರು

ನೀರು ಹಾಕುವಾಗ ಯಾರ ಹೆಸರು ಹೇಳುತ್ತಾರೋ ಗಿಡ ಅವರ ಕಡೆಗೇ ವಾಲುತ್ತದೆ. ಮಂಡಿ ಮೊಹಲ್ಲಾದ ತಾರಸಿ ತೋಟದಲ್ಲಿ ಕೆಲಸ ಕಲಿಸುವ ಫಿಲೋಮಿನಾ ಮಿಸ್ ಅದಕ್ಕೇ ಮೊದಲ ದಿನವೇ ಎಚ್ಚರಿಸಿದ್ದರು: ಬೇರೆಯವರ ಪಾತಿಗೆ ನೀರು ಹಾಕಿದರೆ ಅವರ ಹೆಸರನ್ನೇ ಹೇಳಬೇಕು; ಒಮ್ಮೆ ಬೇರೆ ಹೆಸರು ಕೇಳಿದ ಗಿಡ ಮತ್ತೆ ಹಳೆಯ ಕಡೆಗೆ ತಿರುಗುವುದಿಲ್ಲ. ಕೊನೆಗೆ ಹೆಚ್ಚು ಗಿಡಗಳು ಯಾರ ಕಡೆ ವಾಲುತ್ತವೋ ಅವರಿಗೆ ತೋಟದ ಕೆಲಸ. ಇದ್ದದ್ದು ಒಂದೇ ಕೆಲಸ, ಕಲಿಯುವವರು ಇಬ್ಬರು.

ಸುಗುಣಳಿಗೆ ಭಯವೇನೂ ಇರಲಿಲ್ಲ. ಗೆಳತಿ ಕೋಮಲಾ ಟೈಫಾಯ್ಡ್ ಬಂದು ಮಲಗಿದಾಗ ಅವಳ ಟೊಮೆಟೊ ಪಾತಿ ನೋಡಿಕೊಂಡವಳು ಸುಗುಣ. ಆಮೇಲೆ ಸುಗುಣ ಅಕ್ಕನ ಬಾಣಂತನಕ್ಕೆ ನಂಜನಗೂಡಿಗೆ ಹೋದಾಗ ಅವಳ ಬದನೆ ಪಾತಿ ನೋಡಿಕೊಂಡವಳು ಕೋಮಲಾ. ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದವಳ ಮೇಲೆ ಅನುಮಾನ ಪಡುವುದುಂಟೇ?

"ಬೇರೆ ಬೇರೆ ಮೂಲೆಗೆ ಹೋಗಿ ನಿಂತ್ಕೊಳ್ರಮ್ಮ," ಎಂದರು ಮಿಸ್, ತೀರ್ಮಾನದ ದಿನ.

ಇಬ್ಬರೂ ಹೋಗಿ ನಿಂತರು. ಸುಗುಣ ಬೀಜದಿಂದ ಎಬ್ಬಿಸಿದ ಬದನೆ ಗಿಡಗಳು ಸರಸರ ಅಲುಗಾಡಿ, ಅವಳಿಗೆ ಬೆನ್ನು ತಿರುಗಿಸಿ, ಕೋಮಲಾಳ ಕಡೆಗೆ ವಾಲಿದವು.

ಸುಗುಣ ಕೋಮಲಾಳತ್ತ ತಿರುಗಿದಳು. "ಯಾರ ಹೆಸರು ಹೇಳ್ದೆ ಕಣೇ?"

ಕೋಮಲಾ ತಲೆ ಎತ್ತಲಿಲ್ಲ. "ನಂದೇ. ನಾನು ಜ್ವರದಲ್ಲಿ ಬಿದ್ದಿದ್ದಾಗ ನೀನೂ ಹಂಗೇ ಮಾಡಿರ್ತೀಯ ಅಂದ್ಕೊಂಡೆ."

ಸುಗುಣ ಟೊಮೆಟೊ ಪಾತಿಯತ್ತ ಕೈ ತೋರಿಸಿದಳು, ಅಷ್ಟೇ.

ಕಾಯಿಯ ಭಾರಕ್ಕೆ ಬಗ್ಗಿದ್ದ ಆ ಗಿಡಗಳು, ಒಂದೂ ತಪ್ಪದೆ, ಕೋಮಲಾಳ ಕಡೆಗೇ ವಾಲಿ ನಿಂತಿದ್ದವು.