ಒಲೆಯ ಮೇಲಿನ ಹಾಲು

ಗಂಡ ತಾನೇ ಆ್ಯಪ್‌ಗಳನ್ನೆಲ್ಲ ಹಾಕಿ ಕೊಡಿಸಿದ್ದ ಹೊಸ ಮೊಬೈಲನ್ನು ಕುಮುದಾ ಅಕ್ಕಿ ಡಬ್ಬಿಗೆ ಒರಗಿಸಿಟ್ಟಳು. ಪರದೆಯ ಮೇಲೆ ಆಪ್ತಸಮಾಲೋಚಕಿಯ ಮುಖ ಮೂಡಿತು.

"ಮನೇಲಿ ಬೇರೆ ಯಾರಾದ್ರೂ ಇದ್ದಾರಾ?"

"ಇಲ್ಲ ಮೇಡಂ. ಯಜಮಾನ್ರು ಡ್ಯೂಟಿಗೆ ಹೋಗಿದ್ದಾರೆ." ಅವಳು ತೋಳಿನ ಬಾಸುಂಡೆಯನ್ನು ತೋರಿಸಿದಳು. "ಸೋಮವಾರ ಅಕ್ಕನ ಮನೆಗೆ ಹೊರಟುಬಿಡ್ತೀನಿ. ಅವರಿಗೆ ಗೊತ್ತಾದ್ರೆ ನನ್ನನ್ನ ಉಳಿಸಲ್ಲ."

"ನಾಳೆ ಅವರೂ ಜೊತೆಗೆ ಕೂರ್ತೀನಿ ಅಂದಿದ್ದಾರೆ. ನಿಮಗೆ ಭಯ ಆದ್ರೆ 'ಒಲೆ ಮೇಲೆ ಹಾಲಿಟ್ಟಿದ್ದೀನಿ' ಅನ್ನಿ, ಸಾಕು. ತಕ್ಷಣ ಪೊಲೀಸರನ್ನ ಕಳಿಸ್ತೀನಿ. ಈ ಮಾತು ನಮ್ಮಿಬ್ಬರಲ್ಲೇ ಇರಲಿ."

ಮರುದಿನ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಪಕ್ಕದಲ್ಲಿ ಕುಳಿತ. ತನ್ನ ಮುಂಗೋಪವನ್ನು ತಾನೇ ಹಾಸ್ಯ ಮಾಡಿಕೊಂಡ.

"ಇವಳ ಕೈಯಡುಗೆ ಉಂಡೋನು ಇವಳ ಮೇಲೆ ಎಷ್ಟೊತ್ತು ಸಿಟ್ಟಾಗಿರೋಕಾಗತ್ತೆ ಹೇಳಿ ಮೇಡಂ?"

ಅವನು ಇಷ್ಟು ಮೃದುವಾಗಿ ಮಾತಾಡಿದ್ದನ್ನು ಕುಮುದಾ ಈವರೆಗೆ ಕೇಳಿರಲಿಲ್ಲ. ಸೋಮವಾರದ ಪ್ರಯಾಣ ಬೇಕಾಗಲಾರದೇನೋ ಎಂದೂ ಒಂದು ಗಳಿಗೆ ಅನ್ನಿಸಿತು.

"ಕುಮುದಾ ಅವರೇ, ನೀವೇನಾದ್ರೂ ಹೇಳ್ಬೇಕಾ?" ಸಮಾಲೋಚಕಿ ಕೇಳಿದರು.

ಗಂಡ ನಗುತ್ತಲೇ ಅವಳ ಹೆಗಲ ಮೇಲೆ ಕೈಯಿಟ್ಟ.

"ಧೈರ್ಯವಾಗಿ ಹೇಳೇ. ಒಲೆ ಮೇಲಿದ್ದ ಹಾಲನ್ನ ನಾನು ಆಗ್ಲೇ ಇಳಿಸಿಟ್ಟಿದ್ದೀನಿ."